ಚೆಲ್ಸಿ, ಅಬ್ರಮೊವಿಚ್ ಮತ್ತು ಉಂಡ ಮನೆಯ ಜಂತೆ

2022ರ ಮಾರ್ಚ್ 5, ಶನಿವಾರ. ಇಂಗ್ಲೆಂಡಿನ ಬರ್ನ್‌ಲಿ ಊರಿನ ಟರ್ಫ್ ಮೂರ್ ಮೈದಾನ. ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿ ಹತ್ತು ದಿನವೂ ಆಗಿರಲಿಲ್ಲ. ಪಂದ್ಯ ಶುರುವಾಗುವ ಮುಂಚೆ ಉಕ್ರೇನಿನ ಜನರಿಗಾಗಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಬೇಕೆಂದು ಗೊತ್ತುಮಾಡಿದ್ದರು. ತಟ್ಟಿದರು ಕೂಡ. ಆದರೆ ಆ ಚಪ್ಪಾಳೆಯ ನಡುವೆಯೇ, ಲಂಡನ್ನಿನಿಂದ ಬಂದಿದ್ದ ಚೆಲ್ಸಿ ಅಭಿಮಾನಿಗಳ ಮೂಲೆಯಿಂದ ಕೂಗೊಂದು ಎದ್ದಿತು. ಕೂಗಿದ್ದು ಒಂದೇ ಹೆಸರು: ಅಬ್ರಮೊವಿಚ್. ಅವರ ಫುಟ್‌ಬಾಲ್ ಕ್ಲಬ್ಬಿನ ರಷ್ಯನ್ ಒಡೆಯ. ಬರ್ನ್‌ಲಿಯವರು ಛೀ ಥೂ ಎಂದರು. ಚೆಲ್ಸಿ 4-0ಯಿಂದ ಗೆದ್ದಿತು, ಆದರೆ ಪಂದ್ಯ ಮುಗಿದ ಮೇಲೆ ಕೋಚ್ ಥಾಮಸ್ ಟೂಹೆಲ್‌ಗೆ ಗೋಲುಗಳ ಬಗ್ಗೆ ಮಾತಾಡಲು ಆಗಲಿಲ್ಲ. ಇದು ಆ ಹೆಸರು ಕೂಗುವ ಹೊತ್ತಲ್ಲ ಎಂದು ತನ್ನದೇ ಅಭಿಮಾನಿಗಳಿಗೆ ಹೇಳಬೇಕಾಯಿತು.

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ ನಮ್ಮಲ್ಲಿ. ಅನ್ನ ಹಾಕಿದ ಮನೆಯಲ್ಲಿ ಕೂತು ಇದರ ಮರ ಎಲ್ಲಿಂದ ಬಂತು, ದುಡ್ಡು ಯಾರದ್ದು ಎಂದು ಲೆಕ್ಕ ಹಾಕುವುದು ಕೃತಘ್ನತೆ ಅಂತ. ಟರ್ಫ್ ಮೂರ್‌ನಲ್ಲಿ ಕೂಗಿದವರೆಲ್ಲ ಪುಟಿನ್ ಪಕ್ಷಪಾತಿಗಳಾಗಿದ್ದರು ಎಂದು ನನಗನ್ನಿಸುವುದಿಲ್ಲ. ಹತ್ತೊಂಬತ್ತು ವರ್ಷ ಉಂಡವರು ಅವರು. ಜಂತೆ ಎಣಿಸಲು ಮನಸ್ಸಿರಲಿಲ್ಲ, ಅಷ್ಟೇ. ಅದಕ್ಕಾಗಿ ಅವರನ್ನು ಬೈಯುವುದು ಸುಲಭ. ಆ ಹತ್ತೊಂಬತ್ತು ವರ್ಷ ಬ್ರಿಟನ್ ಸರ್ಕಾರವಾಗಲಿ, ಈ ಕ್ಲಬ್‌ಗಳು ಆಡುವ ಪ್ರೀಮಿಯರ್ ಲೀಗ್ ಆಗಲಿ ತಲೆಯೆತ್ತಿ ಜಂತೆಯ ಕಡೆ ನೋಡಿತ್ತೇ ಎಂದು ಕೇಳುವವರು ಮಾತ್ರ ಕಡಿಮೆ.

ಊಟ ಎಂಥದ್ದು ಅಂತಲೂ ಹೇಳಬೇಕು. 1982ರಲ್ಲಿ ಕೆನ್ ಬೇಟ್ಸ್ ಅನ್ನುವ ವ್ಯಾಪಾರಿ ಚೆಲ್ಸಿ ಕ್ಲಬ್ಬನ್ನು ಒಂದು ಪೌಂಡಿಗೆ ಕೊಂಡಿದ್ದ. ಹೌದು, ಒಂದೇ ಪೌಂಡು. ಸಾಲ ಮಾತ್ರ ಬೇರೆ. 2003ರ ಬೇಸಿಗೆಯಲ್ಲಿ ರೋಮನ್ ಅಬ್ರಮೊವಿಚ್ ಅದನ್ನು ಸಾಲಸಮೇತ ಸುಮಾರು 14 ಕೋಟಿ ಪೌಂಡಿಗೆ ಕೊಂಡ. ಅಲ್ಲಿಯವರೆಗೆ ಆ ಕ್ಲಬ್ ಇಂಗ್ಲೆಂಡಿನ ಲೀಗ್ ಗೆದ್ದಿದ್ದು ಒಂದೇ ಸಲ, 1955ರಲ್ಲಿ. ಇವನು ಬಂದ ಮೇಲೆ ಐದು ಸಲ. 2012ರಲ್ಲಿ ಮ್ಯೂನಿಕ್‌ಗೆ ಹೋಗಿ ಬಯರ್ನ್ ತಂಡವನ್ನು ಅವರದೇ ಮೈದಾನದಲ್ಲಿ ಪೆನಾಲ್ಟಿಯಲ್ಲಿ ಸೋಲಿಸಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಪ್ರಶಸ್ತಿಯಾದ ಚಾಂಪಿಯನ್ಸ್ ಲೀಗ್, 2021ರಲ್ಲಿ ಪೋರ್ಟೊದಲ್ಲಿ ಇನ್ನೊಂದು. ಕಡೆಗೆ 2022ರ ಫೆಬ್ರವರಿ 12ರಂದು ಅಬುಧಾಬಿಯಲ್ಲಿ ಕ್ಲಬ್ ವಿಶ್ವಕಪ್. ಅದರ ಹನ್ನೆರಡನೇ ದಿನಕ್ಕೆ ಯುದ್ಧ. ಇದಕ್ಕೆಲ್ಲ ಅಬ್ರಮೊವಿಚ್ ಸುರಿದ ದುಡ್ಡು ಕ್ಲಬ್‌ನ ಪುಸ್ತಕದಲ್ಲಿ ಸಾಲವಾಗಿ ಕೂತಿತ್ತು: ಸುಮಾರು 150 ಕೋಟಿ ಪೌಂಡ್. ಹತ್ತೊಂಬತ್ತು ವರ್ಷಕ್ಕೆ ಹಂಚಿದರೆ ವಾರಕ್ಕೆ 15 ಲಕ್ಷ ಪೌಂಡ್ ಬೀಳುತ್ತದೆ.

ಈ ದುಡ್ಡಿನ ಬೇರು ಗುಟ್ಟೇನಲ್ಲ. 1995ರಲ್ಲಿ ರಷ್ಯಾ ಸರ್ಕಾರ ತನ್ನ ದೊಡ್ಡ ಕಂಪನಿಗಳನ್ನು ಬಿಡಿಗಾಸಿಗೆ ಬಿಟ್ಟುಕೊಟ್ಟಾಗ ಅಬ್ರಮೊವಿಚ್ ಮತ್ತು ಅವನ ಪಾಲುದಾರರಿಗೆ ಸಿಬ್‌ನೆಫ್ಟ್ ಎಂಬ ತೈಲ ಕಂಪನಿ ಸಿಕ್ಕಿತು. 2005ರಲ್ಲಿ ಅದೇ ಕಂಪನಿಯನ್ನು ಸರ್ಕಾರಿ ಹಿಡಿತದ ಗಾಜ್‌ಪ್ರೋಮ್ ಸುಮಾರು 1,300 ಕೋಟಿ ಡಾಲರ್ ಕೊಟ್ಟು ವಾಪಸು ಕೊಂಡಿತು. ಇದೆಲ್ಲ 2011-12ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲೇ, ಅವನ ಹಳೆಯ ಒಡನಾಡಿ ಬೆರೆಜೊವ್‌ಸ್ಕಿ ಹೂಡಿದ ಮೊಕದ್ದಮೆಯಲ್ಲಿ ತಿಂಗಳುಗಟ್ಟಲೆ ಚರ್ಚೆಯಾಗಿತ್ತು. ಓದಬೇಕೆಂದವರಿಗೆ ತೀರ್ಪು ಸಿಗುತ್ತಿತ್ತು.

ಯುದ್ಧ ಶುರುವಾದ ಮೇಲೆ ಎಲ್ಲರಿಗೂ ಒಮ್ಮೆಲೇ ಕಣ್ಣು ಬಂತು. ಫೆಬ್ರವರಿ 26ಕ್ಕೆ ಅಬ್ರಮೊವಿಚ್ ಕ್ಲಬ್‌ನ ಉಸ್ತುವಾರಿಯನ್ನು ಅದರ ದತ್ತಿ ಸಂಸ್ಥೆಯ ಟ್ರಸ್ಟಿಗಳಿಗೆ ಒಪ್ಪಿಸುತ್ತೇನೆ ಎಂದ. ಟ್ರಸ್ಟಿಗಳಿಗೇ ಅದರ ಅರ್ಥ ಸರಿಯಾಗಿ ಆಗಲಿಲ್ಲ. ಮಾರ್ಚ್ 2ಕ್ಕೆ ಕ್ಲಬ್ ಮಾರುತ್ತೇನೆ, ಸಾಲ ವಾಪಸು ಕೇಳುವುದಿಲ್ಲ, ಬಂದ ಹಣ ಯುದ್ಧಸಂತ್ರಸ್ತರಿಗೆ ಎಂದ. ಮಾರ್ಚ್ 10ರಂದು ಬ್ರಿಟನ್ ಸರ್ಕಾರ ಏಳು ರಷ್ಯನ್ ಸಿರಿವಂತರ ಮೇಲೆ ನಿರ್ಬಂಧ ಹೇರಿತು. ಅದರಲ್ಲಿ ಇವನೂ ಒಬ್ಬ. ಪುಟಿನ್ ಜೊತೆ ದಶಕಗಳ ನಂಟು, ಜೊತೆಗೆ ಇವನಿಗೆ ಪಾಲಿರುವ ಎವ್ರಾಜ್ ಕಂಪನಿಯ ಉಕ್ಕು ರಷ್ಯಾದ ಟ್ಯಾಂಕುಗಳಿಗೆ ಹೋಗಿರಬಹುದು ಎಂಬುದು ಸರ್ಕಾರ ಕೊಟ್ಟ ಕಾರಣ. ಅವನು ಇದನ್ನೆಲ್ಲ ಅಲ್ಲಗಳೆಯುತ್ತಲೇ ಬಂದಿದ್ದಾನೆ.

ನಿರ್ಬಂಧ ಅಂದರೆ ಏನು ಅನ್ನುವಲ್ಲಿ ಬಹಳ ಜನ ಎಡವುತ್ತಾರೆ. ಪತ್ರಿಕೆಗಳಲ್ಲಿ ಮುಟ್ಟುಗೋಲು ಎಂದು ಬರೆದದ್ದನ್ನು ನಾನೂ ಓದಿದ್ದೇನೆ. ಆಸ್ತಿ ಸರ್ಕಾರದ ಪಾಲಾಗುವುದಿಲ್ಲ. ತಕರಾರಿನ ಸೈಟಿನ ಮೇಲೆ ಕೋರ್ಟಿನಿಂದ ಸ್ಟೇ ತಂದ ಹಾಗೆ: ಖಾತೆ ನಿಮ್ಮ ಹೆಸರಲ್ಲೇ ಇರುತ್ತದೆ, ಮಾರುವ ಹಾಗಿಲ್ಲ, ಬಾಡಿಗೆಗೆ ಕೊಡುವ ಹಾಗಿಲ್ಲ, ಅಲ್ಲಿಂದ ಒಂದು ರೂಪಾಯಿ ಎತ್ತುವ ಹಾಗಿಲ್ಲ. ಅವನ ಜೊತೆ ವ್ಯವಹಾರ ಮಾಡಿದವನೂ ಅಪರಾಧಿ. ಅವನ ಹಿಡಿತದಲ್ಲಿರುವ ಕಂಪನಿಗಳಿಗೂ ಅದೇ ಗತಿ. ಇಲ್ಲಿ ಆ ಕಂಪನಿ ಒಂದು ಫುಟ್‌ಬಾಲ್ ಕ್ಲಬ್ ಆಗಿತ್ತು.

ವಿಹಾರನೌಕೆಯಾದರೆ ಬಂದರಿನಲ್ಲಿ ಕಟ್ಟಿಹಾಕಿ ಬೀಗ ಜಡಿದರೆ ಆಯಿತು. ಕ್ಲಬ್ಬಿಗೆ ಬೀಗ ಹಾಕುವುದು ಹೇಗೆ? ಅದೇ ಮಾರ್ಚ್ 10ರ ರಾತ್ರಿ ನಾರ್ವಿಚ್‌ನಲ್ಲಿ ಪಂದ್ಯ ಇತ್ತು. ಆಡದಿದ್ದರೆ ನಾರ್ವಿಚ್‌ಗೆ ನಷ್ಟ, ಟಿವಿಯವರಿಗೆ ನಷ್ಟ, ಲೀಗ್ ಪಟ್ಟಿಯೇ ಹರಿದುಹೋಗುತ್ತದೆ. ಹಾಗಾಗಿ ಬ್ರಿಟನ್ನಿನ ಖಜಾನೆ ಇಲಾಖೆ ನಿರ್ಬಂಧದ ಜೊತೆಗೇ ಮೇ 31ರವರೆಗೆ ಒಂದು ವಿಶೇಷ ಪರವಾನಗಿ ಹೊರಡಿಸಿತು. ಒಂದು ಕೈಯಲ್ಲಿ ಕತ್ತು ಹಿಡಿದು ಇನ್ನೊಂದು ಕೈಯಲ್ಲಿ ಆಮ್ಲಜನಕದ ನಳಿಗೆ ಹಿಡಿದ ಹಾಗಿತ್ತು ಅದು.

ಆಟಗಾರರಿಗೂ ನೌಕರರಿಗೂ ಸಂಬಳ ಕೊಡಬಹುದು. ಹೊಸ ಆಟಗಾರರನ್ನು ಕೊಳ್ಳುವಂತಿಲ್ಲ, ಇದ್ದವರನ್ನು ಮಾರುವಂತಿಲ್ಲ, ಒಪ್ಪಂದ ನವೀಕರಿಸುವಂತಿಲ್ಲ. ಸುಮಾರು 28,000 ಮಂದಿ ಸೀಸನ್ ಟಿಕೆಟ್ ಹೊಂದಿದವರು ಬರಬಹುದು, ಹೊಸದಾಗಿ ಒಂದೂ ಟಿಕೆಟ್ ಮಾರುವಂತಿಲ್ಲ. ಬರ್ಗರ್, ಬಿಯರ್ ಮಾರಬಹುದು, ಜೆರ್ಸಿ ಮಾರುವಂತಿಲ್ಲ. ಚೆಲ್ಸಿಯ ತವರು ಮೈದಾನ ಸ್ಟ್ಯಾಮ್‌ಫರ್ಡ್ ಬ್ರಿಜ್‌ನ ಅಂಗಡಿಗೆ ಬಾಗಿಲು. ಪಂದ್ಯಕ್ಕೆ ಹೋಗಿಬರುವ ಖರ್ಚು 20,000 ಪೌಂಡ್ ಮೀರಬಾರದು, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲಕ್ಷ. ಮೊಬೈಲ್ ಕಂಪನಿ ತ್ರೀ ತನ್ನ ಪ್ರಾಯೋಜಕತ್ವ ನಿಲ್ಲಿಸಿ, ಜೆರ್ಸಿಯಿಂದ ತನ್ನ ಗುರುತು ತೆಗೆಯಿರಿ ಎಂದಿತು. ತೆಗೆಯಲು ಪುರುಸೊತ್ತೆಲ್ಲಿ? ಆ ರಾತ್ರಿ ಅದೇ ಅಂಗಿ ತೊಟ್ಟು ಆಡಿದರು.

ನಮ್ಮಲ್ಲಿ ಆಗ ನಡುರಾತ್ರಿ ದಾಟಿ ಒಂದು ಗಂಟೆ. ಮಲ್ಲೇಶ್ವರದ ಗೆಳೆಯನ ಮನೆಯಲ್ಲಿ, ಒಳಗಿನ ಕೋಣೆಯಲ್ಲಿ ಮಲಗಿದ್ದ ಅವನ ಅಪ್ಪನಿಗೆ ಎಚ್ಚರವಾಗದಂತೆ ದನಿ ತಗ್ಗಿಸಿ ನಾಲ್ಕು ಜನ ನೋಡುತ್ತಿದ್ದೆವು. ಒಬ್ಬ ಅದೇ ತ್ರೀ ಗುರುತಿನ ಅಂಗಿ ಹಾಕಿಕೊಂಡು ಕೂತಿದ್ದ. ಈಗಿದು ಮ್ಯೂಸಿಯಂ ಪೀಸು ಕಣೋ ಎಂದು ಇನ್ನೊಬ್ಬ ರೇಗಿಸಿದ. ಚೆಲ್ಸಿ 3-1ರಿಂದ ಗೆದ್ದಿತು. ನಾರ್ವಿಚ್‌ನಲ್ಲೂ ಅಭಿಮಾನಿಗಳು ಅಬ್ರಮೊವಿಚ್ ಹೆಸರು ಕೂಗಿದರು. ನಮ್ಮಲ್ಲಿ ಯಾರೂ ಕೂಗಲಿಲ್ಲ. ಯಾರೂ ಛೀ ಅನ್ನಲೂ ಇಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು.

ಮೂರು ದಿನ ಬಿಟ್ಟು, ಮಾರ್ಚ್ 13ರ ಭಾನುವಾರ, ಸ್ಟ್ಯಾಮ್‌ಫರ್ಡ್ ಬ್ರಿಜ್‌ಗೆ ನ್ಯೂಕಾಸಲ್ ತಂಡ ಬಂತು. ಈ ಇಡೀ ಕಥೆಯಲ್ಲಿ ನನಗೆ ಮರೆಯಲಾಗದ ದಿನ ಅದು. ನ್ಯೂಕಾಸಲ್‌ನ ಶೇಕಡಾ 80ರಷ್ಟು ಒಡೆತನ ಆಗ ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಯದ್ದಾಗಿತ್ತು. ಅದರ ಅಧ್ಯಕ್ಷ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. 2021ರ ಅಕ್ಟೋಬರ್‌ನಲ್ಲಿ ಈ ಖರೀದಿಗೆ ಒಪ್ಪಿಗೆ ಕೊಡುವಾಗ, ಸೌದಿ ಸರ್ಕಾರ ಕ್ಲಬ್ಬನ್ನು ನಿಯಂತ್ರಿಸುವುದಿಲ್ಲ ಎಂಬ ಕಾನೂನುಬದ್ಧ ಭರವಸೆ ಸಿಕ್ಕಿದೆ ಎಂದು ಪ್ರೀಮಿಯರ್ ಲೀಗ್ ಹೇಳಿತ್ತು. ಮಾವಿನ ತೋಪು ನನ್ನದು, ಮರಗಳಿಗೂ ನನಗೂ ಸಂಬಂಧವಿಲ್ಲ ಅಂದಂತೆ. ಪಂದ್ಯದ ಹಿಂದಿನ ದಿನವಷ್ಟೇ ಸೌದಿ ಅರೇಬಿಯಾ ಒಂದೇ ದಿನದಲ್ಲಿ 81 ಮಂದಿಗೆ ಮರಣದಂಡನೆ ಜಾರಿ ಮಾಡಿದ ಸುದ್ದಿ ಬಂದಿತ್ತು. ಯೆಮನ್‌ನಲ್ಲಿ ಅದರ ಯುದ್ಧಕ್ಕೆ ಏಳು ವರ್ಷ ತುಂಬುತ್ತಿತ್ತು. ನ್ಯೂಕಾಸಲ್‌ನ ಒಡೆಯರ ಮೇಲೆ ನಿರ್ಬಂಧ ಇರಲಿಲ್ಲ, ಇರುವ ಸೂಚನೆಯೂ ಇರಲಿಲ್ಲ. ಅವರ ಕೋಚ್ ಎಡ್ಡಿ ಹೋವ್‌ಗೆ ಇದರ ಬಗ್ಗೆ ಪ್ರಶ್ನೆ ಬಂದಾಗ ಫುಟ್‌ಬಾಲ್ ಬಗ್ಗೆ ಮಾತ್ರ ಮಾತಾಡುತ್ತೇನೆ ಎಂದ. ಚೆಲ್ಸಿ 1-0ಯಿಂದ ಗೆದ್ದಿತು, 89ನೇ ನಿಮಿಷದಲ್ಲಿ ಕಾಯ್ ಹಾವರ್ಟ್ಸ್ ಹೊಡೆದ ಗೋಲು.

ಇದನ್ನು ತೋರಿಸಿ, ನೋಡಿ ಎಲ್ಲರೂ ಕಳ್ಳರೇ, ಹಾಗಾಗಿ ಅಬ್ರಮೊವಿಚ್‌ನನ್ನು ಬಿಟ್ಟುಬಿಡಬೇಕಿತ್ತು ಎಂದು ವಾದಿಸುವವರು ಚೆಲ್ಸಿ ಬಳಗದಲ್ಲಿ ಇವತ್ತಿಗೂ ಇದ್ದಾರೆ. ಅದು ಜಾರಿಕೊಳ್ಳುವ ಮಾತು. ಆದರೆ ನಿರ್ಬಂಧ ಬಂದದ್ದು ಫುಟ್‌ಬಾಲ್‌ನ ಶುದ್ಧೀಕರಣಕ್ಕೆ ಎಂದು ಎದುರಾಳಿ ಕ್ಲಬ್‌ಗಳ ಅಭಿಮಾನಿಗಳು ಎದೆ ತಟ್ಟಿಕೊಳ್ಳುವುದೂ ಅಷ್ಟೇ ತಪ್ಪು. ನಿರ್ಬಂಧ ವಿದೇಶಾಂಗ ನೀತಿಯ ಆಯುಧ. ಯಾರು ಕೆಟ್ಟ ಒಡೆಯ ಎಂದು ಅದು ಕೇಳುವುದಿಲ್ಲ, ಇವತ್ತು ಯಾರ ದೇಶದ ಜೊತೆ ನಮ್ಮ ಸಂಬಂಧ ಕೆಟ್ಟಿದೆ ಎಂದು ಕೇಳುತ್ತದೆ. 2018ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ರಷ್ಯಾದ ಮಾಜಿ ಗೂಢಚಾರನಿಗೆ ವಿಷವುಣಿಸಿದ ಪ್ರಕರಣದ ನಂತರ ಅಬ್ರಮೊವಿಚ್‌ನ ಬ್ರಿಟಿಷ್ ವೀಸಾ ನವೀಕರಣ ನಿಧಾನವಾಯಿತು. ಅವನು ಇಸ್ರೇಲಿ ಪೌರತ್ವ ಪಡೆದ, ಹೊಸ ಕ್ರೀಡಾಂಗಣದ ಯೋಜನೆ ಕೈಬಿಟ್ಟ. ಕ್ಲಬ್‌ನ ಒಡೆತನಕ್ಕೆ ಮಾತ್ರ ಯಾರೂ ಕೈಹಾಕಲಿಲ್ಲ. ಲೀಗ್ ಅವನನ್ನು ನಿರ್ದೇಶಕ ಸ್ಥಾನಕ್ಕೆ ಅನರ್ಹ ಎಂದು ಘೋಷಿಸಿದ್ದು 2022ರ ಮಾರ್ಚ್ 12ರಂದು, ಸರ್ಕಾರದ ಆದೇಶವಾಗಿ ಎರಡು ದಿನದ ಮೇಲೆ. ಅಮೆರಿಕ ಅವನ ಮೇಲೆ ನಿರ್ಬಂಧ ಹೇರಲೇ ಇಲ್ಲ. ಅದೇ ತಿಂಗಳು ಇಸ್ತಾಂಬುಲ್‌ನ ಶಾಂತಿ ಮಾತುಕತೆಯಲ್ಲಿ ಅವನು ಕಾಣಿಸಿಕೊಂಡಿದ್ದ, ಮಧ್ಯಸ್ಥಿಕೆಗೆ ಬೇಕಾದೀತು ಎಂದು ಝೆಲೆನ್‌ಸ್ಕಿಯವರೇ ಕೇಳಿಕೊಂಡಿದ್ದರೆಂದು ವರದಿಯಾಗಿತ್ತು. ಒಬ್ಬನೇ ಮನುಷ್ಯ, ಒಂದೇ ಯುದ್ಧ, ಲಂಡನ್ನಿಗೊಂದು ಲೆಕ್ಕ, ವಾಷಿಂಗ್ಟನ್ನಿಗೊಂದು.

ಬೆಂಗಳೂರಿನ ಓದುಗರಿಗೆ ನೆನಪಿರಬಹುದು, ಅದೇ ಮಾರ್ಚ್‌ನಲ್ಲಿ ಬ್ರಿಟನ್ನಿನ ಆಗಿನ ಹಣಕಾಸು ಸಚಿವ ರಿಷಿ ಸುನಕ್‌ಗೆ ಟಿವಿ ಸಂದರ್ಶನದಲ್ಲಿ ಇನ್ಫೋಸಿಸ್ ಬಗ್ಗೆ ಪ್ರಶ್ನೆ ಎದುರಾಗಿತ್ತು. ಕಂಪನಿಗೆ ಮಾಸ್ಕೋದಲ್ಲಿ ಕಚೇರಿ ಇತ್ತು, ಪತ್ನಿ ಅಕ್ಷತಾ ಮೂರ್ತಿಯವರಿಗೆ ಅದರಲ್ಲಿ ಒಂದು ಶೇಕಡಾಕ್ಕಿಂತ ತುಸು ಕಡಿಮೆ ಷೇರಿತ್ತು. ನಾನು ಚುನಾಯಿತ ರಾಜಕಾರಣಿ, ಆ ಕಂಪನಿಗೂ ನನಗೂ ಸಂಬಂಧವಿಲ್ಲ ಎಂಬ ಧಾಟಿಯ ಉತ್ತರ ಕೊಟ್ಟರು. ಏಪ್ರಿಲ್‌ನಲ್ಲಿ ಇನ್ಫೋಸಿಸ್ ತನ್ನ ರಷ್ಯಾದ ಕೆಲಸವನ್ನು ಬೇರೆ ಕೇಂದ್ರಗಳಿಗೆ ಸಾಗಿಸುವುದಾಗಿ ಹೇಳಿತು. ಚೆಲ್ಸಿಯ ಪ್ರಯಾಣ ಖರ್ಚಿಗೆ ಮಿತಿ ಹಾಕಿದ ಇಲಾಖೆ ಇದೇ ಸಚಿವರದ್ದು.

ಮೈದಾನದಲ್ಲಿ ನಡೆದದ್ದು ಕೆಲವು ಸಲ ಪ್ರಹಸನದ ಹಾಗಿತ್ತು. ಮಾರ್ಚ್ 16ಕ್ಕೆ ಫ್ರಾನ್ಸ್‌ನ ಲೀಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಪಂದ್ಯ. ವಿಮಾನಕ್ಕೆ ದುಡ್ಡು ಸಾಲದಿದ್ದರೆ? ರೈಲು, ಅದಿಲ್ಲದಿದ್ದರೆ ಬಸ್ಸು, ಅದೂ ಇಲ್ಲದಿದ್ದರೆ ಏಳು ಸೀಟಿನ ಗಾಡಿಯನ್ನು ನಾನೇ ಓಡಿಸುತ್ತೇನೆ ಎಂದ ಟೂಹೆಲ್. ಖರ್ಚು ನಾನೇ ಹಾಕಿಕೊಂಡು ಬೇಕಾದರೂ ಬರುತ್ತೇನೆ ಎಂದ ಹಾವರ್ಟ್ಸ್. ಕೋಟಿಗಟ್ಟಲೆ ಸಂಬಳದವರು ಶಾಲಾ ಪ್ರವಾಸದ ಮಕ್ಕಳ ಹಾಗೆ ಮಾತಾಡತೊಡಗಿದ್ದು ನೋಡಿ ಆ ತಂಡದ ಮೇಲೆ ಹಿಂದೆಂದೂ ಇಲ್ಲದ ಪ್ರೀತಿ ಬಂದದ್ದುಂಟು. ಲೀಲ್‌ನಲ್ಲಿ 2-1ರಿಂದ ಗೆದ್ದರು.

ಪ್ರೀತಿ ಬಹಳ ದಿನ ಉಳಿಯಲಿಲ್ಲ. ಎಫ್‌ಎ ಕಪ್ ಕ್ವಾರ್ಟರ್ ಫೈನಲ್ ಮಿಡಲ್ಸ್‌ಬರೊ ಊರಿನಲ್ಲಿ. ನಮ್ಮ ಅಭಿಮಾನಿಗಳಿಗೆ ಟಿಕೆಟ್ ಮಾರಲು ಆಗುತ್ತಿಲ್ಲ, ಹಾಗಾಗಿ ಕ್ರೀಡಾ ನ್ಯಾಯದ ದೃಷ್ಟಿಯಿಂದ ಪಂದ್ಯವನ್ನೇ ಪ್ರೇಕ್ಷಕರಿಲ್ಲದೆ ಆಡಿಸಿ ಎಂದು ಚೆಲ್ಸಿ ಆಡಳಿತ ಕೇಳಿತು. ಅಂದರೆ ನಮ್ಮವರಿಗೆ ಊಟವಿಲ್ಲ, ನಿಮ್ಮ ಮನೆಯವರೂ ಉಪವಾಸ ಇರಿ ಅಂತ. ಎಲ್ಲ ಕಡೆಯಿಂದ ಉಗಿಸಿಕೊಂಡು ಅದೇ ದಿನ ಮನವಿ ಹಿಂತೆಗೆದುಕೊಂಡರು. ಆಮೇಲೆ ಸರ್ಕಾರ ಪರವಾನಗಿ ಸಡಿಲಿಸಿ, ಟಿಕೆಟ್ ಮಾರಬಹುದು ಆದರೆ ಆ ಹಣ ಚೆಲ್ಸಿಗೆ ಸೇರುವಂತಿಲ್ಲ ಎಂದಿತು. ಅದರಿಂದಾಗಿ ಚಾಂಪಿಯನ್ಸ್ ಲೀಗ್‌ನ ಏಪ್ರಿಲ್ 6ರ ರಿಯಲ್ ಮ್ಯಾಡ್ರಿಡ್ ಪಂದ್ಯಕ್ಕೆ ಮೈದಾನ ತುಂಬಿತು. ಮ್ಯಾಡ್ರಿಡ್‌ನ ಬೆಂಜೆಮಾ ಮೂರು ಗೋಲು ಹೊಡೆದ. ಮರುಪಂದ್ಯದಲ್ಲಿ ಮ್ಯಾಡ್ರಿಡ್‌ನಲ್ಲಿ 3-2ರಿಂದ ಗೆದ್ದರೂ ಒಟ್ಟು ಲೆಕ್ಕದಲ್ಲಿ 5-4ರಿಂದ ಹೊರಬಿದ್ದರು. ಒಪ್ಪಂದದ ಮಾತುಕತೆ ಆಡಲಾಗದ ಆ ತಿಂಗಳುಗಳು ಕಳೆಯುವಷ್ಟರಲ್ಲಿ ಚೆಲ್ಸಿಯ ಆಟಗಾರರಾದ ರೂಡಿಗರ್ ಅದೇ ಮ್ಯಾಡ್ರಿಡ್‌ಗೆ, ಕ್ರಿಸ್ಟನ್ಸನ್ ಬಾರ್ಸಿಲೋನಾಗೆ ಹೋದರು, ಕ್ಲಬ್ಬಿಗೆ ಬಿಡಿಗಾಸೂ ಸಿಗಲಿಲ್ಲ.

ಮೇ 30ಕ್ಕೆ, ಪರವಾನಗಿ ಮುಗಿಯಲು ಒಂದು ದಿನ ಇರುವಾಗ, ಅಮೆರಿಕದ ಟಾಡ್ ಬೋಲಿ ಮತ್ತು ಕ್ಲಿಯರ್‌ಲೇಕ್ ಕೂಟಕ್ಕೆ ಮಾರಾಟ ಮುಗಿಯಿತು. ಬೆಲೆ 250 ಕೋಟಿ ಪೌಂಡ್, ಸುಮಾರು 24 ಸಾವಿರ ಕೋಟಿ ರೂಪಾಯಿ. ಈ ಗದ್ದಲದಲ್ಲಿ ಯಾರೂ ಕೊಳ್ಳಲಾಗದ, ಯಾವ ನಿರ್ಬಂಧವೂ ಮುಟ್ಟದ ಒಂದು ಸಂಗತಿ ಇತ್ತು. ಸ್ಟ್ಯಾಮ್‌ಫರ್ಡ್ ಬ್ರಿಜ್‌ನ ನೆಲ ಅಬ್ರಮೊವಿಚ್‌ನದ್ದಾಗಿರಲಿಲ್ಲ. ಅದು ಚೆಲ್ಸಿ ಪಿಚ್ ಓನರ್ಸ್ ಎಂಬ, ಸಾಮಾನ್ಯ ಅಭಿಮಾನಿಗಳೇ ಷೇರು ಕೊಂಡು ಕಟ್ಟಿದ ಕಂಪನಿಯದ್ದು. ಬೇಟ್ಸ್ ಕಾಲದಲ್ಲಿ ಬಿಲ್ಡರ್‌ಗಳ ಬಾಯಿಗೆ ಮೈದಾನ ಬೀಳುವುದರಲ್ಲಿದ್ದಾಗ ಮಾಡಿಕೊಂಡ ಏರ್ಪಾಡು. ಚೆಲ್ಸಿ ಫುಟ್‌ಬಾಲ್ ಕ್ಲಬ್ ಎಂಬ ಹೆಸರಿನ ಹಕ್ಕೂ ಅವರ ಕೈಯಲ್ಲೇ ಇದೆ. ಜಾಗ ಬಿಟ್ಟು ಹೋದರೆ ಹೆಸರೂ ಬಿಟ್ಟು ಹೋಗಬೇಕು. 2011ರಲ್ಲಿ ಅಬ್ರಮೊವಿಚ್ ಈ ನೆಲವನ್ನು ವಾಪಸು ಕೊಳ್ಳಲು ಹೊರಟಾಗ ಮತಕ್ಕೆ ಹಾಕಿದರು. ಬೇಕಾಗಿದ್ದ ಶೇಕಡಾ 75 ಸಿಗಲಿಲ್ಲ. ಆಗ ಅವನಿಗೆ ಇಲ್ಲ ಎಂದವರಲ್ಲಿ ಎಷ್ಟೋ ಜನ ಆಮೇಲೆ ಅವನ ಹೆಸರು ಕೂಗಿಯೂ ಇರಬಹುದು. ಉಳುವವನೇ ಹೊಲದೊಡೆಯ ಎಂಬ ಕೂಗು ಕೇಳಿ ಬೆಳೆದ ನಾಡಿನವರಿಗೆ ಇದು ಹೆಚ್ಚು ವಿವರಿಸಬೇಕಿಲ್ಲ: ಒಕ್ಕಲಿಗೆ ಧಣಿಯ ಮೇಲೆ ಪ್ರೀತಿ ಇರಬಹುದು, ಪಹಣಿ ಮಾತ್ರ ಬಿಟ್ಟುಕೊಡುವುದಿಲ್ಲ.

ಚೆಲ್ಸಿ ಬದುಕಿತು. ದೊಡ್ಡ ಕ್ಲಬ್, ಲಂಡನ್ ವಿಳಾಸ, ಕೊಳ್ಳಲು ಸಾಲುಗಟ್ಟಿ ನಿಂತ ಜನ. ನೆದರ್ಲೆಂಡ್ಸ್‌ನ ಆರ್ನೆಮ್ ಊರಿನ ವಿಟೆಸ್ ಕ್ಲಬ್ಬಿಗೆ ಆ ಭಾಗ್ಯ ಇರಲಿಲ್ಲ. 1892ರಲ್ಲಿ ಹುಟ್ಟಿದ ಕ್ಲಬ್ ಅದು. ಅದರ ರಷ್ಯನ್ ಒಡೆಯ ವಾಲೆರಿ ಓಯ್ಫ್ ಯುದ್ಧದ ನಂತರ ಹೊರಬೀಳಲು ನೋಡಿದ. ಕ್ಲಬ್ಬಿಗೆ ಹರಿದುಬಂದ ಹಣದ ಹಿಂದೆ ಅಬ್ರಮೊವಿಚ್ ಇದ್ದ ಎಂದು ತೋರಿಸುವ ಕಡತಗಳು 2023ರಲ್ಲಿ ಸೋರಿ ಹೊರಬಂದವು. ಹೊಸ ಒಡೆಯನಿಗೆ ಡಚ್ ಫುಟ್‌ಬಾಲ್ ಸಂಸ್ಥೆಯ ಒಪ್ಪಿಗೆ ಸಿಗಲಿಲ್ಲ. 2024ರಲ್ಲಿ ಲೈಸೆನ್ಸ್ ನಿಯಮ ಮುರಿದದ್ದಕ್ಕೆ 18 ಅಂಕ ಕಡಿತ, ಎರಡನೇ ದರ್ಜೆಗೆ ಹಿಂಬಡ್ತಿ. 2025ರ ಬೇಸಿಗೆಯಲ್ಲಿ ವೃತ್ತಿಪರ ಲೈಸೆನ್ಸೇ ರದ್ದು. ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ವಾಪಸು ಕೊಡಿಸಿತು. ಒಡೆಯರನ್ನು ಆರಿಸಿದ್ದು ಆರ್ನೆಮ್‌ನ ಜನರಲ್ಲ, ಅಂಕ ಕಳೆದುಕೊಂಡದ್ದು ಅವರು.

ಚೆಲ್ಸಿಯಲ್ಲಿ ಜಂತೆ ಎಣಿಸುವ ಕೆಲಸ ಮಾಲೀಕ ಹೋದ ಮೇಲೆ ಶುರುವಾಯಿತು. ಹೊಸಬರು ಹಳೆಯ ಲೆಕ್ಕಪತ್ರಗಳಲ್ಲಿ ಹೊಂದದ ಪಾವತಿಗಳನ್ನು ಕಂಡು ತಾವೇ ಹೋಗಿ ವರದಿ ಒಪ್ಪಿಸಿದರು. 2012ರಿಂದ 2019ರ ನಡುವಿನ ಅಪೂರ್ಣ ಹಣಕಾಸು ಮಾಹಿತಿಗಾಗಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 2023ರಲ್ಲಿ ಒಂದು ಕೋಟಿ ಯೂರೊ ಕಟ್ಟಿಸಿಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಮುಖ್ಯವಾಗಿ ಏಜೆಂಟರ ವ್ಯವಹಾರಗಳ ಕುರಿತು 74 ಆರೋಪ ಹೊರಿಸಿತು.

ನಿಯಮಗಳೂ ತುಸು ಬದಲಾದವು. ಮಾನವ ಹಕ್ಕು ಉಲ್ಲಂಘನೆಯನ್ನು 2023ರಲ್ಲಿ ಲೀಗ್ ಒಡೆಯರ ಅನರ್ಹತೆಯ ಪಟ್ಟಿಗೆ ಸೇರಿಸಿತು. 2025ರ ಜುಲೈನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್‌ಗೆ ಸ್ವತಂತ್ರ ನಿಯಂತ್ರಕರನ್ನು ನೇಮಿಸುವ ಕಾಯ್ದೆ ಬಂತು. ಆ ಕಾಯ್ದೆಯ ಹಳೆಯ ಕರಡಿನಲ್ಲಿ ಒಂದು ಸಾಲು ಇತ್ತು: ಕ್ಲಬ್ ಕೊಳ್ಳುವವರಿಗೆ ಒಪ್ಪಿಗೆ ಕೊಡುವಾಗ ನಿಯಂತ್ರಕರು ಸರ್ಕಾರದ ವಿದೇಶಾಂಗ ಮತ್ತು ವ್ಯಾಪಾರ ನೀತಿಯನ್ನು ಗಮನದಲ್ಲಿಡಬೇಕು. ಅಷ್ಟು ಬಿಚ್ಚುಮನಸ್ಸಿನ ಸಾಲು ಶಾಸನಗಳಲ್ಲಿ ಸಿಗುವುದು ಅಪರೂಪ. ಸರ್ಕಾರದ ಹಸ್ತಕ್ಷೇಪ ಸಲ್ಲದು ಎಂದು ಯುಇಎಫ್‌ಎ ಎಚ್ಚರಿಸಿದ ಮೇಲೆ ಲೇಬರ್ ಸರ್ಕಾರ ಅದನ್ನು ತೆಗೆದುಹಾಕಿತು. ಸಾಲು ಹೋಯಿತು, ಅಭ್ಯಾಸ ಹೋಗುತ್ತದೆಯೇ ಅನ್ನುವುದು ಮುಂದೆ ಯಾವುದೋ ಕೊಲ್ಲಿ ದೇಶದ ನಿಧಿ ಇನ್ನೊಂದು ಕ್ಲಬ್ ಬಾಗಿಲು ತಟ್ಟಿದಾಗ ಗೊತ್ತಾಗುತ್ತದೆ.

ಮಾರಾಟದ ಆ 250 ಕೋಟಿ ಪೌಂಡ್ ಬ್ರಿಟನ್ನಿನ ಬ್ಯಾಂಕ್ ಖಾತೆಯೊಂದರಲ್ಲಿ ಸ್ತಂಭನಗೊಂಡು ಕೂತಿತು. ಯುದ್ಧದ ಎಲ್ಲ ಸಂತ್ರಸ್ತರಿಗೂ ಎಂದು ಅಬ್ರಮೊವಿಚ್ ಪಟ್ಟು ಹಿಡಿದ. ಎಲ್ಲ ಅಂದರೆ ರಷ್ಯನ್ನರೂ ಸೇರುತ್ತಾರೆ, ಹಣ ಉಕ್ರೇನಿನೊಳಗೇ ಖರ್ಚಾಗಬೇಕು ಎಂದು ಸರ್ಕಾರ ಪಟ್ಟು ಹಿಡಿಯಿತು. ಎಲ್ಲ ಎಂಬ ಒಂದು ಪದದ ಮೇಲೆ ಮೂರೂವರೆ ವರ್ಷ ಹೋಯಿತು. 2025ರ ಡಿಸೆಂಬರ್‌ನಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಹಣ ವರ್ಗಾಯಿಸಲು ಪರವಾನಗಿ ಹೊರಡಿಸಿದ್ದೇವೆ, ಕೊಡದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದು ಸಂಸತ್ತಿನಲ್ಲಿ ಹೇಳಿದರು. ಟರ್ಫ್ ಮೂರ್‌ನಲ್ಲಿ ಯಾರಿಗಾಗಿ ಚಪ್ಪಾಳೆ ತಟ್ಟಿದ್ದರೋ ಅವರ ಕೈಗೆ ಅದರಲ್ಲಿ ಒಂದು ಪೌಂಡೂ ಆ ಹೊತ್ತಿಗೆ ತಲುಪಿರಲಿಲ್ಲ.